ಠೇವಣಿಯೂ ಅಣುವ್ರತವೂ

ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕನು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ಚತುರ್ವಿಧಾಹಾರವನ್ನು ತ್ಯಜಿಸುವುದಲ್ಲದೆ ಗೃಹಕೃತ್ಯ, ವ್ಯಾಪಾರ ಮೊದಲಾದ ಆರಂಭಗಳಿಂದಲೂ ವಿರತನಾಗುತ್ತಾನೆ. ಆ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಂಗಡಿಯ ತಕ್ಕಡಿ ತೂಗುವುದಿಲ್ಲ. ಕಾಲವು ಜಿನಪೂಜೆ, ಸ್ವಾಧ್ಯಾಯ, ಧರ್ಮಧ್ಯಾನಗಳಲ್ಲಿ ಕಳೆಯುತ್ತದೆ. ಉಪವಾಸವೆಂದರೆ ಕೇವಲ ಹೊಟ್ಟೆಯನ್ನು ಬರಿದಾಗಿಡುವುದಲ್ಲ, ಹಿಂಸೆಗೆ ಕಾರಣವಾಗುವ ಪ್ರವೃತ್ತಿಗಳನ್ನು ಆ ಅವಧಿಗೆ ನಿಲ್ಲಿಸುವುದು ಎಂದು ಶ್ರಾವಕಾಚಾರ ಗ್ರಂಥಗಳು ತಿಳಿಸುತ್ತ ಬಂದಿವೆ. ಆದರೆ ಇಂದಿನ ಗೃಹಸ್ಥನ ಸಂಪತ್ತಿನಲ್ಲಿ ಒಂದು ಭಾಗ ಆ ದಿನವೂ ವಿರತಿಯನ್ನು ಹೊಂದುವುದಿಲ್ಲ. ಅವನು ಬ್ಯಾಂಕಿನಲ್ಲಿಟ್ಟ ಹಣವು ಯಾರದೋ ಕೈಗೆ ಸಾಲವಾಗಿ ಹೋಗಿ ಎಲ್ಲಿಯೋ ಒಂದು ಯಂತ್ರವನ್ನು ನಡೆಸುತ್ತಿರುತ್ತದೆ. ಅದರ ಬಡ್ಡಿಯು ಚತುರ್ದಶಿಯೆಂದು ನಿಲ್ಲದೆ ದಿನದ ಲೆಕ್ಕದಲ್ಲಿ ಬೆಳೆಯುತ್ತಿರುತ್ತದೆ. ಆ ಯಂತ್ರವು ನೂಲುವುದೋ ಕೊಲ್ಲುವುದೋ ಎಂಬುದನ್ನು ವಿಚಾರಿಸುವುದು ವ್ರತಿಯ ಕರ್ತವ್ಯವೇ? ಅಥವಾ ಅದು ಬ್ಯಾಂಕಿನವರ ಹೊಣೆಯೆಂದು ಬಿಟ್ಟುಬಿಡಬಹುದೇ?

ಹಿಂದಿನ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಸಾಲ ಕೊಡುವ ಶ್ರೇಷ್ಠಿಯು ಸಾಲಗಾರನ ಮುಖವನ್ನು ಕಂಡಿರುತ್ತಿದ್ದನು. ಅವನ ಕಸುಬನ್ನು ಅರಿತಿರುತ್ತಿದ್ದನು. ಬೇಟೆಗಾರನಿಗೆ ಬಲೆಯನ್ನು ಕೊಳ್ಳಲು ಹಣ ಕೊಡಲಾರೆನೆಂದು ಹೇಳುವುದು ಅವನಿಗೆ ಸುಲಭವಾಗಿತ್ತು. ಬ್ಯಾಂಕಿನ ವ್ಯವಸ್ಥೆಯಲ್ಲಿಯಾದರೋ ಸಾವಿರಾರು ಮನೆಗಳ ಉಳಿತಾಯವು ಒಂದೇ ಕಣಜವನ್ನು ಸೇರುತ್ತದೆ. ಅದರಲ್ಲಿ ಒಂದು ಪಾಲು ರಿಸರ್ವ್ ಬ್ಯಾಂಕಿನಲ್ಲಿ ಮೀಸಲಾಗಿ ನಿಲ್ಲುತ್ತದೆ, ಒಂದು ಪಾಲು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗುತ್ತದೆ, ಉಳಿದುದು ಸಾಲವಾಗಿ ಹೊರಗೆ ಹೋಗುತ್ತದೆ. ರೈತನ ಬಿತ್ತನೆ, ವಿದ್ಯಾರ್ಥಿಯ ವ್ಯಾಸಂಗ, ಮನೆಯ ನಿರ್ಮಾಣ, ಕಸಾಯಿಖಾನೆ, ಮದ್ಯದ ಕಾರ್ಖಾನೆ ಇವೆಲ್ಲಕ್ಕೂ ಬಾಗಿಲು ಒಂದೇ. ಠೇವಣಿದಾರನ ಕೈಯಲ್ಲಿ ಉಳಿಯುವುದು ಒಂದು ಪಾಸ್ ಪುಸ್ತಕ ಮತ್ತು ಬಡ್ಡಿಯ ದರ. ಹಣಕ್ಕೂ ಅದರ ಒಡೆಯನಿಗೂ ನಡುವೆ ಒಂದು ಗೋಡೆ ಎದ್ದಿದೆ. ಗೋಡೆಯ ಆಚೆಗೆ ನಡೆಯುವುದು ಕಾಣುವುದಿಲ್ಲವೆಂಬ ಮಾತ್ರಕ್ಕೆ ಅದರ ದೋಷವು ಈಚೆಗೆ ದಾಟುವುದಿಲ್ಲವೆಂದು ನಿಶ್ಚಯಿಸಬಹುದೇ ಎಂಬುದು ವಿಚಾರಣೀಯ.

ಜೈನ ನೀತಿಶಾಸ್ತ್ರವು ಕರ್ಮವನ್ನು ಕೈಯಿಂದ ಮಾತ್ರ ಅಳೆಯುವುದಿಲ್ಲ. ತಾನೇ ಮಾಡಿದ ಕೃತ, ಇತರರಿಂದ ಮಾಡಿಸಿದ ಕಾರಿತ, ಮಾಡಿದುದನ್ನು ಮೆಚ್ಚಿದ ಅನುಮತ ಎಂಬ ಮೂರನ್ನೂ ಮನೋವಾಕ್ಕಾಯಗಳೊಡನೆ ಸೇರಿಸಿ ಎಣಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಈ ಐದರಲ್ಲಿ ಹಿಂಸಾದಾನವೆಂದರೆ ಕೊಲೆಯ ಸಾಧನಗಳನ್ನು ಇನ್ನೊಬ್ಬರಿಗೆ ಒದಗಿಸುವುದು. ಖಡ್ಗವನ್ನು ಕೊಟ್ಟವನು ತಾನು ಕಡಿಯಲಿಲ್ಲವೆಂದು ತಪ್ಪಿಸಿಕೊಳ್ಳುವಂತಿಲ್ಲ. ಹಾಗಾದರೆ ಖಡ್ಗವನ್ನು ತಯಾರಿಸುವ ಕುಲುಮೆಗೆ ಬಂಡವಾಳ ಕೊಟ್ಟವನ ಪಾಡೇನು? ಕಬ್ಬಿಣಕ್ಕೆ ಸಲ್ಲುವ ನ್ಯಾಯವು ಹಣಕ್ಕೆ ಸಲ್ಲದೆಂದು ಹೇಳಲು ಯಾವ ಆಧಾರವೂ ಕಾಣುವುದಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಚೌರಾರ್ಥಾದಾನವೂ, ಎಂದರೆ ಕದ್ದ ವಸ್ತುವನ್ನು ಸ್ವೀಕರಿಸುವುದೂ ಸೇರಿದೆ. ಅನ್ಯಾಯದಿಂದ ಗಳಿಸಿದ ಲಾಭದಲ್ಲಿ ಒಂದು ಭಾಗವು ಬಡ್ಡಿಯ ರೂಪದಲ್ಲಿ ಮನೆಗೆ ಬರುವುದಾದರೆ, ಈ ಅತಿಚಾರದ ನೆರಳು ಅದರ ಮೇಲೆ ಬೀಳದಿರುವುದೇ?

ಇದಕ್ಕೆ ಪ್ರತಿಯಾಗಿ ಸಾಮಾನ್ಯವಾಗಿ ಮೂರು ಸಮಾಧಾನಗಳು ಕೇಳಿಬರುತ್ತವೆ. ಹಣಕ್ಕೆ ಬಣ್ಣವಿಲ್ಲ, ಯಾರ ರೂಪಾಯಿ ಎಲ್ಲಿಗೆ ಹೋಯಿತೆಂದು ಹೇಳಲಾಗದು ಎಂಬುದು ಮೊದಲನೆಯದು. ಆದರೆ ಹಲವರು ಸೇರಿ ಒಂದು ಹಗ್ಗವನ್ನು ಎಳೆದಾಗ ಯಾರ ಬಲ ಎಷ್ಟೆಂದು ಬೇರ್ಪಡಿಸಲಾಗದಿದ್ದರೂ ಎಳೆದವರು ಯಾರೆಂಬುದು ತಿಳಿದೇ ಇರುತ್ತದೆ. ತನಗೆ ಗೊತ್ತಿಲ್ಲವೆಂಬುದು ಎರಡನೆಯದು. ಅರಿಯಲು ಸಾಧ್ಯವಿಲ್ಲದ ಅಜ್ಞಾನ ಬೇರೆ, ಅರಿಯಲು ಮನಸ್ಸಿಲ್ಲದ ಅಜ್ಞಾನ ಬೇರೆ. ಎರಡನೆಯದಕ್ಕೆ ಶಾಸ್ತ್ರವು ಪ್ರಮಾದವೆಂದು ಹೆಸರಿಟ್ಟಿದೆ, ಮತ್ತು ಪ್ರಮಾದಯೋಗವನ್ನು ಹಿಂಸೆಯ ಲಕ್ಷಣದಲ್ಲಿಯೇ ಸೇರಿಸಿದೆ. ನೀರನ್ನು ಸೋಸದೆ ಕುಡಿದವನು ಅದರಲ್ಲಿ ಜೀವಗಳಿರುವುದು ಕಾಣಲಿಲ್ಲವೆಂದು ಹೇಳುವುದನ್ನು ಯಾವ ಜೈನ ಗೃಹಿಣಿಯೂ ಒಪ್ಪಲಾರಳು. ತನ್ನ ಠೇವಣಿ ಸಮುದ್ರದಲ್ಲೊಂದು ಹನಿ, ಅದನ್ನು ತೆಗೆದರೆ ಆಗುವುದೇನು ಎಂಬುದು ಮೂರನೆಯದು. ಈ ಮೂರನೆಯ ಮಾತಿನಲ್ಲಿ ಮಾತ್ರ ಸ್ವಲ್ಪ ತಿರುಳಿದೆ. ಅದಕ್ಕೆ ಉತ್ತರವನ್ನು ಒಬ್ಬಂಟಿಯಾಗಿ ಹುಡುಕುವುದು ಕಠಿಣ. ಹನಿಗಳು ಒಂದುಗೂಡಿದಲ್ಲಿ ಮಾತ್ರ ಅದು ದೊರೆಯುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಸರ್ವಥಾ ನಿರ್ದೋಷವಾದ ಹಣವು ಲೋಕದಲ್ಲಿ ಇರಲಾರದು. ನೇಗಿಲಿಗೆ ಕೊಟ್ಟ ಸಾಲದಲ್ಲಿಯೂ ಆರಂಭೀ ಹಿಂಸೆಯಿದೆ. ಮಗ್ಗಕ್ಕೆ ಕೊಟ್ಟುದರಲ್ಲಿಯೂ ಉದ್ಯೋಗೀ ಹಿಂಸೆಯಿದೆ. ಸಂಪೂರ್ಣ ನಿವೃತ್ತಿಯು ಮಹಾವ್ರತಿಗಳಾದ ಮುನಿಗಳಿಗೆ ಸಲ್ಲುವುದು. ಅವರಿಗೆ ಪಾಸ್ ಪುಸ್ತಕದ ಅಗತ್ಯವೂ ಇಲ್ಲ. ಗೃಹಸ್ಥನಿಗೆ ವಿಧಿಸಿದುದು ಅಣುವ್ರತ. ಸಂಕಲ್ಪೀ ಹಿಂಸೆಯನ್ನು ಬಿಟ್ಟು, ಉಳಿದುದಕ್ಕೆ ಒಂದು ಪರಿಮಾಣವನ್ನು ಗೊತ್ತುಮಾಡಿಕೊಂಡು, ಆ ಗೆರೆಯನ್ನು ದಾಟದಿರುವುದೇ ಅದರ ಸ್ವರೂಪ. ಆದುದರಿಂದ ಹಣವನ್ನು ಎಲ್ಲಿಯೂ ಇಡಕೂಡದೆ ಎಂದು ಕೇಳುವುದಕ್ಕಿಂತ, ತನ್ನ ಹಣವು ದಾಟಕೂಡದ ಗೆರೆ ಯಾವುದು ಎಂದು ಕೇಳುವುದೇ ಸರಿ. ಆಶ್ಚರ್ಯವೆಂದರೆ, ಜೈನಧರ್ಮದ ಪರಿಚಯವೇ ಇಲ್ಲದ ಒಂದು ದೇಶದ ಸಾಮಾನ್ಯ ಗೃಹಸ್ಥರು ಈ ಪ್ರಶ್ನೆಯನ್ನು ತಮ್ಮ ಬ್ಯಾಂಕಿಗೆ ಕೇಳಿದರು; ಬ್ಯಾಂಕು ಒಂದು ಗೆರೆಯನ್ನು ಎಳೆಯಿತು; ಮುಂದೆ ಆ ಗೆರೆ ಅಳಿಸಿಹೋಗುವ ಭಯ ಬಂದಾಗ ಅವರು ಸಂಘಟಿತರಾಗಿ ಅದನ್ನು ಕಾಯ್ದರು. ಆ ವೃತ್ತಾಂತವು ವ್ರತಗಳ ವಿಚಾರದಲ್ಲಿ ಆಸಕ್ತರಾದವರಿಗೆ ಮನನಯೋಗ್ಯವಾಗಿದೆ.

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ ಕೆಲವು ಶ್ರಮಜೀವಿಗಳು ಕಲಬೆರಕೆಯಿಲ್ಲದ ಸಾಮಾನನ್ನು ಸರಿಯಾದ ತೂಕದಲ್ಲಿ ಮಾರುವ ಒಂದು ಸಹಕಾರಿ ಅಂಗಡಿಯನ್ನು ತೆರೆದರು. ಅಂತಹ ಅಂಗಡಿಗಳು ಹಬ್ಬಿದಾಗ ಅವುಗಳ ಸಗಟು ಸಂಘವೊಂದು ಮ್ಯಾಂಚೆಸ್ಟರಿನಲ್ಲಿ ಹುಟ್ಟಿತು. 1872ರಲ್ಲಿ ಆ ಸಂಘವು ಠೇವಣಿ ಮತ್ತು ಸಾಲದ ವಿಭಾಗವನ್ನು ಆರಂಭಿಸಿತು. ಅದೇ ಮುಂದೆ ಕೋ-ಆಪರೇಟಿವ್ ಬ್ಯಾಂಕ್ ಎಂದು ಹೆಸರಾಯಿತು. 1992ರಲ್ಲಿ ಈ ಬ್ಯಾಂಕು ತನ್ನ ಗ್ರಾಹಕರ ಅಭಿಪ್ರಾಯವನ್ನು ಕೇಳಿ, ಹಣವನ್ನು ಯಾವುದಕ್ಕೆ ಕೊಡುವುದಿಲ್ಲ ಎಂಬ ಒಂದು ನೀತಿಯನ್ನು ಬಹಿರಂಗವಾಗಿ ಪ್ರಕಟಿಸಿತು. ಜನರನ್ನು ದಮನಮಾಡುವ ಆಳ್ವಿಕೆಗಳಿಗೆ ಆಯುಧಗಳನ್ನು ಒದಗಿಸುವವರಿಗೆ, ಚಿತ್ರಹಿಂಸೆಯ ಸಾಧನಗಳನ್ನು ತಯಾರಿಸುವವರಿಗೆ, ಸೌಂದರ್ಯಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವವರಿಗೆ, ತುಪ್ಪುಳಿಗಾಗಿ ಪ್ರಾಣಿಗಳನ್ನು ಸಾಕಿ ಕೊಲ್ಲುವವರಿಗೆ, ವಿನೋದಕ್ಕಾಗಿ ಬೇಟೆಯಾಡುವ ಸಂಸ್ಥೆಗಳಿಗೆ, ಹೊಗೆಸೊಪ್ಪಿನ ಪದಾರ್ಥಗಳ ತಯಾರಕರಿಗೆ ಸಾಲ ಸೌಲಭ್ಯಗಳಿಲ್ಲ ಎಂಬುದು ಅದರ ಸಾರ. ಬ್ಯಾಂಕುಗಳು ಲಾಭ ನಷ್ಟಗಳ ಭಾಷೆಯನ್ನು ಮಾತ್ರ ಆಡುತ್ತಿದ್ದ ಲೋಕದಲ್ಲಿ ಇದು ಹೊಸತು. ಒಂದು ಬ್ಯಾಂಕು ತನಗೆ ತಾನೇ ಅನರ್ಥದಂಡವಿರತಿಯ ವ್ರತವನ್ನು ಕೈಕೊಂಡಿತೆಂದು ಹೇಳಿದರೆ ಹೋಲಿಕೆ ತಪ್ಪಾಗಲಾರದು.

ವ್ರತವನ್ನು ಕೈಕೊಳ್ಳುವುದು ಒಂದು, ನಿರತಿಚಾರವಾಗಿ ಪಾಲಿಸುವುದು ಇನ್ನೊಂದು. ಈ ಬ್ಯಾಂಕು ಆಯುಧದ ಬಾಗಿಲನ್ನು ಮುಚ್ಚಿತು. ಆದರೆ ಬೆಳೆಯಬೇಕೆಂಬ ಬಯಕೆಯ ಬಾಗಿಲಿಗೆ ಅಗುಳಿ ಹಾಕಲಿಲ್ಲ. 2009ರಲ್ಲಿ ಬ್ರಿಟಾನಿಯಾ ಎಂಬ ಗೃಹಸಾಲ ಸಂಸ್ಥೆಯನ್ನು ತನ್ನಲ್ಲಿ ವಿಲೀನ ಮಾಡಿಕೊಂಡಿತು. ಅದರೊಡನೆ ವಾಣಿಜ್ಯ ಕಟ್ಟಡಗಳ ಮೇಲೆ ಕೊಟ್ಟಿದ್ದ ಕೆಟ್ಟ ಸಾಲಗಳೂ ಬಂದವು. ಅದು ಸಾಲದೆಂಬಂತೆ ಮತ್ತೊಂದು ದೊಡ್ಡ ಬ್ಯಾಂಕಿನ 632 ಶಾಖೆಗಳನ್ನು ಕೊಳ್ಳಲು ಹೊರಟು, 2013ರ ಏಪ್ರಿಲಿನಲ್ಲಿ ಹಿಂದೆಗೆಯಿತು. ಅದೇ ವರ್ಷ ಬಂಡವಾಳದಲ್ಲಿ 150 ಕೋಟಿ ಪೌಂಡುಗಳ ಕೊರತೆ ಬಯಲಾಯಿತು. ಸರ್ ಕ್ರಿಸ್ಟೋಫರ್ ಕೆಲ್ಲಿಯವರು ನಡೆಸಿದ ಸ್ವತಂತ್ರ ವಿಚಾರಣೆಯ ವರದಿ 2014ರಲ್ಲಿ ಹೊರಬಂದಾಗ, ಆ ವಿಲೀನ ಮತ್ತು ಬಂಡವಾಳದ ನಿರ್ವಹಣೆಯಲ್ಲಿನ ವೈಫಲ್ಯಗಳೇ ಮುಖ್ಯ ಕಾರಣಗಳೆಂದು ಕಂಡುಬಂತು. ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರಾಚಾರ್ಯರು ಹೇಳಿರುವ ಅತಿಚಾರಗಳು ಐದು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇತರರ ವೈಭವವನ್ನು ಕಂಡು ಬೆರಗಾಗುವುದೂ, ಹೊರಲಾರದಷ್ಟು ಹೊರೆ ಹೇರುವುದೂ ಸಂಗ್ರಹಲೋಭದಷ್ಟೇ ವ್ರತಭಂಜಕಗಳೆಂದು ಆಚಾರ್ಯರು ಏತಕ್ಕೆ ಎಣಿಸಿದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ವಿರಳ. ಅಹಿಂಸೆಯ ಪಟ್ಟಿಯನ್ನು ಬರೆದುಕೊಂಡು ಅಪರಿಗ್ರಹವನ್ನು ಮರೆತರೆ, ಆ ಪಟ್ಟಿಯೂ ಕೊನೆಗೆ ಉಳಿಯುವುದಿಲ್ಲ.

2013ರ ಡಿಸೆಂಬರಿನಲ್ಲಿ ಬ್ಯಾಂಕನ್ನು ಮುಳುಗದಂತೆ ಎತ್ತಿನಿಲ್ಲಿಸಿದ ಏರ್ಪಾಡಿನಲ್ಲಿ ಸಹಕಾರಿ ಸಂಸ್ಥೆಯ ಒಡೆತನ 30 ಶೇಕಡಕ್ಕೆ ಇಳಿಯಿತು. ಉಳಿದ ಪಾಲು ಅದರ ಸಾಲಪತ್ರಗಳನ್ನು ಹಿಡಿದಿದ್ದವರ ಕೈಸೇರಿತು. ಇವರಲ್ಲಿ ಪ್ರಬಲರಾದವರು ಹೆಡ್ಜ್ ಫಂಡುಗಳೆಂಬ ಹೂಡಿಕೆ ನಿಧಿಗಳು; ಬಿದ್ದುದನ್ನು ಅಗ್ಗಕ್ಕೆ ಕೊಂಡು ಎದ್ದಾಗ ಮಾರಿ ಲಾಭ ಪಡೆಯುವುದು ಅವರ ಕಸುಬು. ನೀತಿಯನ್ನು ನಂಬಿ ಹಣವಿಟ್ಟ ಗೃಹಸ್ಥನ ಮುಂದೆ ಈಗ ನಿಜವಾದ ಧರ್ಮಸಂಕಟ ಎದ್ದು ನಿಂತಿತು. ಹಣವನ್ನು ತೆಗೆದುಕೊಂಡು ಹೊರಡಬೇಕೇ? ಹಾಗೆ ಎಲ್ಲ ಸಜ್ಜನರೂ ಹೊರಟರೆ ನೀತಿಯನ್ನು ಬಯಸುವವರೇ ಇಲ್ಲದ ಬ್ಯಾಂಕಿನಲ್ಲಿ ನೀತಿ ಎಷ್ಟು ದಿನ ನಿಂತೀತು? ಅಥವಾ ಉಳಿಯಬೇಕೇ? ಉಳಿದರೆ, ಲಾಭಕೋರರ ಕೈಯಲ್ಲಿರುವ ಸಂಸ್ಥೆಗೆ ತಾನು ಅನುಮತಿ ಕೊಟ್ಟಂತಾಗುವುದಿಲ್ಲವೇ?

ಹೊರಟುಹೋಗುವ ಮಾರ್ಗಕ್ಕೆ ಆ ದೇಶದಲ್ಲಿಯೇ ಒಂದು ಗೌರವಾರ್ಹ ಪೂರ್ವೋದಾಹರಣೆಯಿತ್ತು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಳ್ವಿಕೆ ನಡೆಯುತ್ತಿದ್ದಾಗ, ಅಲ್ಲಿ ದೊಡ್ಡ ವ್ಯವಹಾರವನ್ನು ಹೊಂದಿದ್ದ ಬಾರ್ಕ್ಲೇಸ್ ಬ್ಯಾಂಕಿನಲ್ಲಿ ಖಾತೆ ತೆರೆಯಬಾರದೆಂದು ಬ್ರಿಟನ್ನಿನ ವಿದ್ಯಾರ್ಥಿಗಳು 1970ರ ದಶಕದಿಂದ ಬಹಿಷ್ಕಾರವನ್ನು ನಡೆಸಿದರು. ಖಾತೆಯಲ್ಲಿ ಇಡಲು ಹೆಚ್ಚು ಹಣವಿಲ್ಲದ ಹುಡುಗರು ಅವರು. ಆದರೆ ಇಂದಿನ ವಿದ್ಯಾರ್ಥಿ ನಾಳಿನ ವೈದ್ಯ, ವಕೀಲ, ಅಧಿಕಾರಿ ಎಂಬುದನ್ನು ಬ್ಯಾಂಕು ಬಲ್ಲದು. 1986ರಲ್ಲಿ ಆ ಬ್ಯಾಂಕು ದಕ್ಷಿಣ ಆಫ್ರಿಕದ ತನ್ನ ಅಂಗಸಂಸ್ಥೆಯಲ್ಲಿದ್ದ ಪಾಲನ್ನು ಮಾರಿ ಹೊರಬಂದಿತು. ಒಂದು ದಶಕಕ್ಕೂ ಮೀರಿದ ತಾಳ್ಮೆಯ ತ್ಯಾಗವು ಅಲ್ಲಿ ತನ್ನ ಕೆಲಸವನ್ನು ಮಾಡಿತ್ತು. ಇದು ಉಪವಾಸದ ಮಾರ್ಗ. ದೋಷವುಳ್ಳ ಅನ್ನವನ್ನು ಮುಟ್ಟದಿರುವುದು.

ಆದರೆ ಸಹಕಾರಿ ಬ್ಯಾಂಕಿನ ಗ್ರಾಹಕರ ಸ್ಥಿತಿ ಬೇರೆಯಾಗಿತ್ತು. ಬಾರ್ಕ್ಲೇಸ್ ಅವರಿಗೆ ಯಾವ ವಚನವನ್ನೂ ಕೊಟ್ಟಿರಲಿಲ್ಲ. ಈ ಬ್ಯಾಂಕು ಕೊಟ್ಟಿತ್ತು. ವ್ರತವನ್ನು ಅರಿಯದವನ ಸಂಗವನ್ನು ಬಿಡುವುದು ಒಂದು ಬಗೆ. ವ್ರತವನ್ನು ಕೈಕೊಂಡು ಜಾರುತ್ತಿರುವವನನ್ನು ಬಿಟ್ಟುಹೋಗುವುದು ಇನ್ನೊಂದು ಬಗೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಮಾರ್ಗದಿಂದ ಚ್ಯುತನಾಗುತ್ತಿರುವವನನ್ನು ಕೈಹಿಡಿದು ಮತ್ತೆ ಅಲ್ಲಿಯೇ ನಿಲ್ಲಿಸುವುದೇ ಅದು. ಮ್ಯಾಂಚೆಸ್ಟರಿನಲ್ಲಿ ಗ್ರಾಹಕರ ವಿವೇಕವನ್ನು ಬೆಳೆಸುವ ಎಥಿಕಲ್ ಕನ್ಸ್ಯೂಮರ್ ಎಂಬ ಪತ್ರಿಕೆಯೊಂದಿದೆ. ಅದರವರು 2013ರಲ್ಲಿ ನಮ್ಮ ಬ್ಯಾಂಕನ್ನು ಉಳಿಸಿ ಎಂಬ ಕರೆಯೊಡನೆ ಗ್ರಾಹಕರನ್ನು ಒಟ್ಟುಗೂಡಿಸಿದರು. ಸಾವಿರಾರು ಮಂದಿ ಅದಕ್ಕೆ ಓಗೊಟ್ಟರು. ಮುಂದೆ ಅದು ನೈತಿಕ ಬ್ಯಾಂಕಿಂಗಿಗಾಗಿ ಗ್ರಾಹಕರ ಸಂಘ ಎಂಬ, ಸದಸ್ಯರ ವಂತಿಗೆಯಿಂದ ನಡೆಯುವ, ಬ್ಯಾಂಕಿನ ಹಂಗಿಲ್ಲದ ಒಂದು ಸಹಕಾರಿ ಸಂಸ್ಥೆಯಾಗಿ ರೂಪುಗೊಂಡಿತು. ಕಾರ್ಮಿಕರಿಗೆ ಸಂಘವಿರುವಂತೆ ಒಂದು ಬ್ಯಾಂಕಿನ ಗ್ರಾಹಕರಿಗೂ ಸಂಘವಿರಬಹುದೆಂಬುದು ಅವರ ಕಲ್ಪನೆ.

ಆ ಸಂಘದ ನಿಲುವಿನಲ್ಲಿ ಸೂಕ್ಷ್ಮವಾದ ವಿವೇಕವಿದೆ. ಕಂಪನಿಯ ರೂಪದ ಬ್ಯಾಂಕಿನಲ್ಲಿ ಗ್ರಾಹಕನಿಗೆ ಮತವಿಲ್ಲ, ಮತವಿರುವುದು ಷೇರುದಾರನಿಗೆ. ಗ್ರಾಹಕನಿಗೆ ಇರುವುದು ಎರಡೇ ಸಾಧನಗಳು: ಹೊರಟುಹೋಗಲು ಕಾಲು, ಕೇಳಲು ಬಾಯಿ. ಒಬ್ಬೊಬ್ಬನೇ ಹೊರಟರೆ ಕಾಲಿನ ಸದ್ದು ಕೇಳಿಸುವುದಿಲ್ಲ. ಒಬ್ಬೊಬ್ಬನೇ ಕೇಳಿದರೆ ಬಾಯಿಗೆ ಬೆಲೆಯಿಲ್ಲ. ಸಂಘವು ಈ ಎರಡನ್ನೂ ಒಂದಾಗಿ ಕಟ್ಟಿತು. ನೀತಿಯು ಇರುವವರೆಗೆ ಇರುತ್ತೇವೆ, ಅದನ್ನು ಕೈಬಿಟ್ಟರೆ ಒಟ್ಟಾಗಿ ಹೊರಡುತ್ತೇವೆ ಎಂಬುದು ಅವರ ನಿಲುವಾಯಿತು. ಹೀಗೆ ಉಳಿಯುವಿಕೆಯು ಮೌನಸಮ್ಮತಿಯಾಗಲಿಲ್ಲ, ಷರತ್ತುಳ್ಳ ಸಾಕ್ಷಿಯಾಯಿತು. ಅನುಮತಕ್ಕೂ ಸಹವಾಸಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಮನೆಯವನೊಬ್ಬನು ತಪ್ಪು ದಾರಿ ಹಿಡಿದಾಗ ಅದೇ ಮನೆಯಲ್ಲಿದ್ದುಕೊಂಡು ನಿತ್ಯವೂ ತಡೆಯುವವನು ಆ ತಪ್ಪಿಗೆ ಪಾಲುದಾರನಲ್ಲ. ಕಂಡೂ ಕಾಣದಂತೆ ಊಟಮಾಡಿ ಏಳುವವನು ಪಾಲುದಾರ.

ಫಲವೇನಾಯಿತೆಂದು ಕೇಳುವುದು ಸಹಜ. ಹೊಸ ಏರ್ಪಾಡಿನಲ್ಲಿ ಸಹಕಾರದ ಮೌಲ್ಯಗಳನ್ನು ಬ್ಯಾಂಕಿನ ಮೂಲನಿಯಮಾವಳಿಯಲ್ಲಿಯೇ ಬರೆಯಲಾಯಿತು. 2014ರಲ್ಲಿ ಬ್ಯಾಂಕು ನೀತಿಯ ಬಗ್ಗೆ ಮತ್ತೆ ಅಭಿಪ್ರಾಯ ಕೇಳಿದಾಗ 70,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. 2015ರಲ್ಲಿ ವಿಸ್ತರಿಸಿದ ನೀತಿಯು ಪ್ರಕಟವಾಯಿತು. ಹೆಡ್ಜ್ ಫಂಡುಗಳ ಒಡೆತನದಲ್ಲಿಯೂ ನೀತಿಯು ಅಳಿಯಲಿಲ್ಲ. ಅದನ್ನು ಅಳಿಸಿದರೆ ಗ್ರಾಹಕರು ಉಳಿಯುವುದಿಲ್ಲವೆಂಬುದು ಲಾಭದ ಲೆಕ್ಕ ಬಲ್ಲವರಿಗೂ ತಿಳಿದಿತ್ತು. 2017ರಲ್ಲಿ ಸಹಕಾರಿ ಸಂಸ್ಥೆಯು ತನ್ನ ಕೊನೆಯ ಪಾಲನ್ನೂ ಬಿಟ್ಟಾಗ ಹಲವರಿಗೆ ಆಸೆ ಕಮರಿತು. ಆದರೂ ಬ್ಯಾಂಕು ಮತ್ತೆ ಜನರ ಒಡೆತನಕ್ಕೆ ಬರಬೇಕೆಂಬ ಬೇಡಿಕೆಯನ್ನು ಸಂಘವು ಬಿಡಲಿಲ್ಲ. 2025ರ ಜನವರಿ 1ರಂದು ಕಾವೆಂಟ್ರಿ ಬಿಲ್ಡಿಂಗ್ ಸೊಸೈಟಿಯು 78 ಕೋಟಿ ಪೌಂಡುಗಳ ಒಪ್ಪಂದದಂತೆ ಈ ಬ್ಯಾಂಕನ್ನು ಕೊಂಡುಕೊಂಡಿತು. ಆ ಸೊಸೈಟಿಗೆ ಷೇರುದಾರರಿಲ್ಲ. ಅದರ ಸದಸ್ಯರೇ ಅದರ ಒಡೆಯರು. ಈ ಮಾರಾಟವು ವ್ಯಾಪಾರದ ಕಾರಣಗಳಿಂದ ನಡೆದುದು. ಗ್ರಾಹಕರ ಸಂಘವೇ ಅದನ್ನು ಮಾಡಿಸಿತೆಂದು ಹೇಳುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ಆದರೆ ಹನ್ನೊಂದು ವರ್ಷಗಳ ಕಾಲ ಒಂದು ದೀಪವನ್ನು ಆರದಂತೆ ಕಾಯ್ದ ಕೀರ್ತಿ ಮಾತ್ರ ಅವರದು. ಬಾಗಿಲು ತೆರೆದಾಗ ಒಳಗೆ ಬೆಳಕು ಇನ್ನೂ ಉಳಿದಿತ್ತೆಂಬುದೇ ಮುಖ್ಯ.

ಇಲ್ಲಿ ಜೈನ ವಾಚಕರಿಗೆ ಎರಡು ಸಂದೇಹಗಳು ತೋರಬಹುದು. ವ್ರತವೆಂಬುದು ಆತ್ಮಶುದ್ಧಿಗಾಗಿ ಇರುವುದು. ಪರರ ವ್ಯವಹಾರವನ್ನು ತಿದ್ದಲು ಹೊರಡುವುದು ರಾಗದ್ವೇಷಗಳಿಗೆ ಎಡೆಗೊಡುವುದಿಲ್ಲವೇ ಎಂಬುದು ಒಂದು. ಈ ಎಚ್ಚರಿಕೆ ಬೆಲೆಯುಳ್ಳದ್ದು. ಕೂಗಾಟದ ಸುಖಕ್ಕಾಗಿ ಸಂಘ ಕಟ್ಟುವವರು ಅಪಧ್ಯಾನಕ್ಕೆ, ಎಂದರೆ ಪರರ ಕೇಡನ್ನು ಚಿಂತಿಸುವ ದೋಷಕ್ಕೆ, ಸುಲಭವಾಗಿ ಬೀಳುತ್ತಾರೆ. ಆದರೆ ತನ್ನ ಹಣದ ವಿಷಯದಲ್ಲಿ ಕೇಳುವುದು ಪರರ ವ್ಯವಹಾರವಲ್ಲ. ಆ ಪ್ರಶ್ನೆ ಬ್ಯಾಂಕಿನ ಮುಂದೆ ಇಟ್ಟದ್ದಾದರೂ ಅದರ ಗುರಿ ತನ್ನದೇ ಕಾರಿತ, ಅನುಮತಗಳ ಶುದ್ಧಿ. ನೋಂಪಿಯನ್ನು ಗುರುಸಾಕ್ಷಿಯಾಗಿ ಸಂಘದ ನಡುವೆ ಕೈಕೊಳ್ಳುವ, ಉದ್ಯಾಪನೆಯನ್ನು ಬಸದಿಯಲ್ಲಿ ಎಲ್ಲರೊಡನೆ ನೆರವೇರಿಸುವ ಸಮಾಜಕ್ಕೆ, ಹಲವರು ಕೂಡಿ ಒಂದು ನಿಯಮವನ್ನು ಕಾಯುವುದು ಹೊಸತೇನಲ್ಲ. ಒಂಟಿಯಾಗಿ ಸಡಿಲುವ ಮನಸ್ಸನ್ನು ಸಹಧರ್ಮಿಗಳ ಸಾನ್ನಿಧ್ಯ ಬಿಗಿಹಿಡಿಯುತ್ತದೆಂಬುದು ಪರ್ಯೂಷಣದ ಹತ್ತು ದಿನಗಳಲ್ಲಿ ಎಲ್ಲರ ಅನುಭವಕ್ಕೂ ಬರುವ ಸಂಗತಿ.

ಎರಡನೆಯ ಸಂದೇಹ ಹೆಚ್ಚು ಗಹನವಾದುದು. ಆ ಬ್ಯಾಂಕಿನ ನೀತಿಯು ದಮನಕಾರಿಗಳಿಗೆ ಆಯುಧ ಒದಗಿಸುವುದನ್ನು ತಡೆಯಿತು, ಸರ್ವ ಆಯುಧಗಳನ್ನಲ್ಲ. ಪ್ರಾಣಿಗಳನ್ನು ಕಾರ್ಖಾನೆಯಂತೆ ಕೂಡಿಹಾಕಿ ಸಾಕುವುದನ್ನು ನಿಷೇಧಿಸಿತು, ಮಾಂಸದ ವ್ಯಾಪಾರವನ್ನಲ್ಲ. ಬ್ರಿಟನ್ನಿನಲ್ಲಿಯೂ ಜೈನ ಕುಟುಂಬಗಳಿವೆ; ಲೆಸ್ಟರ್ ನಗರದ ಜೈನಮಂದಿರವು 1988ರಿಂದ ಅವರ ಶ್ರದ್ಧಾಕೇಂದ್ರವಾಗಿದೆ. ಅಂತಹ ಗೃಹಸ್ಥನೊಬ್ಬನು ತನ್ನ ಗೆರೆಗಿಂತ ಸಡಿಲವಾದ ಗೆರೆಯನ್ನು ಒಪ್ಪುವ ಸಂಘವನ್ನು ಸೇರಬಹುದೇ? ಸಾಮಾನ್ಯ ನಿಯಮವೆಂಬುದು ನೆಲ, ಛಾವಣಿಯಲ್ಲ ಎಂಬುದೇ ಇದಕ್ಕೆ ಉತ್ತರ. ಸಂಘದ ಗೆರೆಗಿಂತ ಕೆಳಗೆ ಯಾರೂ ಇಳಿಯಕೂಡದು. ಅದಕ್ಕಿಂತ ಮೇಲೆ ಏರಲು ಯಾರಿಗೂ ತಡೆಯಿಲ್ಲ. ಶ್ರಾವಕನ ಹನ್ನೊಂದು ಪ್ರತಿಮೆಗಳೂ ಹೀಗೆಯೇ ಮೆಟ್ಟಿಲುಮೆಟ್ಟಿಲಾಗಿವೆ. ಮೊದಲ ಮೆಟ್ಟಿಲಲ್ಲಿ ನಿಂತವನನ್ನು ಏಳನೆಯ ಮೆಟ್ಟಿಲಲ್ಲಿರುವವನು ಹೀನನೆಂದು ಕಾಣುವುದಿಲ್ಲ, ಹಾಗೆಂದು ತಾನು ಕೆಳಗಿಳಿಯುವುದೂ ಇಲ್ಲ. ಅಲ್ಲದೆ ಒಳಗಿರುವವನಿಗೆ ಮಾತ್ರ ಆ ಗೆರೆಯನ್ನು ಒಂದಿಷ್ಟು ಮೇಲಕ್ಕೆ ಸರಿಸೋಣವೆಂದು ಹೇಳುವ ಅಧಿಕಾರವಿರುತ್ತದೆ. ಹೊರಗೆ ನಿಂತವನ ಶುದ್ಧಿ ಅವನೊಬ್ಬನದೇ ಆಗಿ ಉಳಿಯುತ್ತದೆ.

ರಾಚ್‌ಡೇಲಿನ ನೇಕಾರರು ಹಚ್ಚಿದ ಸಹಕಾರದ ಕಿಡಿ ಕನ್ನಡ ನಾಡಿಗೂ ಬಂದು ನೂರು ವರ್ಷಗಳು ಮೀರಿವೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಹಕಾರ ಸಂಘ ಹುಟ್ಟಿತು. ಅಹಮದಾಬಾದಿನಲ್ಲಿ 1974ರಲ್ಲಿ ಬ್ಯಾಂಕುಗಳ ಬಾಗಿಲಲ್ಲಿ ಮನ್ನಣೆ ಸಿಕ್ಕದ 4,000 ಬಡ ದುಡಿಮೆಗಾರ ಹೆಂಗಸರು ತಲೆಗೆ ಹತ್ತು ರೂಪಾಯಿಯಂತೆ ಕೂಡಿಸಿ, ಇಳಾ ಭಟ್ಟರ ನೇತೃತ್ವದಲ್ಲಿ, ತಮ್ಮದೇ ಸೇವಾ ಬ್ಯಾಂಕನ್ನು ಕಟ್ಟಿಕೊಂಡರು. ಸಹಕಾರಿ ಸಂಸ್ಥೆಯಲ್ಲಿ ಷೇರು ಎಷ್ಟಿದ್ದರೂ ಸದಸ್ಯನಿಗೆ ಮತ ಒಂದೇ. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಅವನಿಗಿದೆ. ಮ್ಯಾಂಚೆಸ್ಟರಿನ ಗ್ರಾಹಕರು ಸಂಘ ಕಟ್ಟಿ ಗಳಿಸಬೇಕಾದ ಬಾಯಿಯು ಇಲ್ಲಿಯ ಸದಸ್ಯನಿಗೆ ಕಾಯಿದೆಯಿಂದಲೇ ದೊರೆತಿದೆ. ಆದರೆ ಮಹಾಸಭೆಯ ನೋಟೀಸು ಬಂದಾಗ ಲಾಭಾಂಶದ ಶೇಕಡವನ್ನು ಮಾತ್ರ ನೋಡಿ ಅದನ್ನು ಮಡಿಸಿಡುವ ಮನೆಗಳೇ ಹೆಚ್ಚು. ದೊಡ್ಡ ಬ್ಯಾಂಕುಗಳ ವಿಷಯದಲ್ಲಿಯೂ ಕತ್ತಲೆ ಪೂರ್ಣವಾಗಿಲ್ಲ. ಷೇರುಪೇಟೆಯ ಮೊದಲ 1,000 ಕಂಪನಿಗಳು, ಅವುಗಳಲ್ಲಿ ಸೇರಿದ ಬ್ಯಾಂಕುಗಳೂ ಸಹ, ಸಮಾಜ ಮತ್ತು ಪರಿಸರಗಳ ಬಗ್ಗೆ ತಮ್ಮ ಹೊಣೆಯ ವರದಿಯನ್ನು ಪ್ರಕಟಿಸಬೇಕೆಂಬ ನಿಯಮ 2022-23ನೆಯ ಸಾಲಿನಿಂದ ಕಡ್ಡಾಯವಾಗಿದೆ. ಓದುವವರಿಲ್ಲದ ವರದಿಯು ಬರೆಯುವವರಿಗೂ ಹೊರೆ. ಓದಿ ಕೇಳುವವರಿದ್ದರೆ ಅದೇ ಒಂದು ಪ್ರತಿಜ್ಞಾಪತ್ರ.

ಹಾಗಾದರೆ ವ್ರತಸ್ಥ ಕುಟುಂಬವು ಮಾಡಬೇಕಾದುದೇನು? ಒಂದೇ ದಿನದಲ್ಲಿ ಖಾತೆಗಳನ್ನೆಲ್ಲ ಮುಚ್ಚಬೇಕೆಂಬುದು ಇದರ ಅಭಿಪ್ರಾಯವಲ್ಲ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚಧರ್ಮದ ದಿನ, ಲೋಭವನ್ನು ತೊಳೆಯಬೇಕೆಂದು ಉಪದೇಶ ಕೇಳಿ ಮನೆಗೆ ಬಂದ ಮೇಲೆ, ಮನೆಯವರೆಲ್ಲ ಕುಳಿತು ಹಣ ಎಲ್ಲೆಲ್ಲಿದೆಯೆಂದು ಒಮ್ಮೆ ಬರೆದು ನೋಡಬಹುದು. ತಮ್ಮ ಹಣವು ಯಾವುದಕ್ಕೆ ಸಲ್ಲಕೂಡದೆಂಬ ಗೆರೆಯನ್ನು, ಪಾಲಿಸಲು ಶಕ್ಯವಾದಷ್ಟೇ ಚಿಕ್ಕದಾಗಿ, ಗೊತ್ತುಮಾಡಿಕೊಳ್ಳಬಹುದು. ಶಕ್ತಿಮೀರಿದ ನಿಯಮವೂ ಅತಿಭಾರವಹನವೇ. ಅನಂತರ ಅದೇ ಬ್ಯಾಂಕಿನಲ್ಲಿ ಹಣವಿಟ್ಟ ಐದಾರು ಮನೆಗಳವರು ಕೂಡಿ ಒಂದು ಪತ್ರ ಬರೆಯಬಹುದು. ಮಹಾಸಭೆಗೆ ಒಬ್ಬರಾದರೂ ಹೋಗಿ ಒಂದು ಪ್ರಶ್ನೆಯನ್ನಾದರೂ ಸೌಮ್ಯವಾಗಿ ಕೇಳಬಹುದು. ಉತ್ತರ ಬಾರದಿದ್ದರೆ ಮರುವರ್ಷ ಮತ್ತೆ ಕೇಳಬಹುದು. ಹಲವು ವರ್ಷ ಕೇಳಿಯೂ ಗೆರೆಗೆ ಬೆಲೆಯಿಲ್ಲವೆಂದು ಕಂಡರೆ, ಆಗ ಹೊರಡುವುದು ಕೋಪದ ಕಾರ್ಯವಾಗದೆ ತ್ಯಾಗವಾಗುತ್ತದೆ. ಎರಡು ಶೇಕಡ ಕಡಿಮೆ ಬಡ್ಡಿ ಬಂದರೂ ಸರಿಯೆಂದು ಶುದ್ಧವಾದ ಕಡೆ ಹಣವಿಡುವವನು, ಆ ಬಿಟ್ಟ ಬಡ್ಡಿಯನ್ನು ನಷ್ಟದ ಕಂಬಳಿಯಲ್ಲಿ ಬರೆಯಬೇಕಾಗಿಲ್ಲ. ಅದು ಅವನ ಪರಿಗ್ರಹ ಪರಿಮಾಣದ ನಿಜವಾದ ಅಳತೆ.

ವ್ರತಗಳು ಶಾಸ್ತ್ರದಲ್ಲಿ ಬದಲಾಗುವುದಿಲ್ಲ. ಹಿಂಸೆಯು ಹೊಕ್ಕುವ ಬಾಗಿಲುಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತವೆ. ಕೊಡಲಿಯನ್ನು ಎರವಲು ಕೊಡುವ ಮುನ್ನ ಹಿರಿಯರು ಯಾತಕ್ಕೆಂದು ಕೇಳುತ್ತಿದ್ದರು. ಹಣವನ್ನು ಕೊಡುವ ಮುನ್ನ ಕೇಳುವ ಆ ಪದ್ಧತಿಯು ಬ್ಯಾಂಕಿನ ಗೋಡೆಯ ಮುಂದೆ ನಿಂತುಹೋಯಿತು. ದೂರದ ದೇಶದ ಕೆಲವು ಸಾವಿರ ಗೃಹಸ್ಥರು ಆ ಗೋಡೆಯನ್ನು ಕೆಡವಲಿಲ್ಲ, ಆದರೆ ಅದರಲ್ಲೊಂದು ಕಿಟಕಿಯನ್ನು ತೆರೆದರು. ಯಾತಕ್ಕೆಂದು ಕೇಳುವುದನ್ನು ಹಿರಿಯರಿಂದ ಕಲಿತಿರುವ ಮನೆಗಳಿಗೆ ಆ ಕಿಟಕಿಯಲ್ಲಿ ಇಣುಕುವುದು ಕಷ್ಟವಾಗಲಾರದು.